ಪಾಚಿ ಕಷಾಯ ಮತ್ತು ಒಂದು ಚಾಡಿ

ಅಮ್ಮಾ,

ಇವತ್ತು ಥೈರಾಯಿಡ್ ಡಾಕ್ಟರ ಹತ್ತಿರ ನಿನ್ನ ಮೇಲೆ ಚಾಡಿ ಹೇಳಿ ಬಂದೆ.

ಗಂಟಲು ಊದಬಾರದೆಂದು ನೀನು ವಾರಕ್ಕೊಂದು ಲೋಟ ಕಡಲಪಾಚಿಯ ಕಷಾಯ ಕೊಡುತ್ತಿದ್ದೆ. ನಾನದನ್ನು ಬಚ್ಚಲಿಗೆ ಕುಡಿಸುತ್ತಿದ್ದೆ. ಬಚ್ಚಲಿನ ಗಂಟಲು ಇಂದಿಗೂ ಗಟ್ಟಿಮುಟ್ಟಾಗಿದೆ. ನೀನು ತೀರಿಹೋದ ಮೇಲೆ, ನೀನು ಒಣಗಿಸಿಟ್ಟಿದ್ದ ಪಾಚಿಯ ಡಬ್ಬಿ ತೆರೆದು, ಹಟಕ್ಕೆ ಬಿದ್ದವಳಂತೆ ದಿನಕ್ಕೆರಡು ಲೋಟ ಕುಡಿದೆ. ಪಾಚಿಯಲ್ಲಿರುವ ಅಯೋಡಿನ್ ಅತಿಯಾಗಿ ಥೈರಾಯಿಡ್ ಕೆಟ್ಟಿದೆಯಂತೆ.

ಡಾಕ್ಟರು ಕನ್ನಡಕ ಹಣೆಗೇರಿಸಿದರು. "ಅಳತೆ ಬೇಡ್ವಾ ತಾಯಿ? ಇಷ್ಟು ಕುಡೀರಿ ಅಂತ ಯಾರು ಹೇಳಿದ್ದು?"

"ನಮ್ಮಮ್ಮ."

"ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ. ನಾನೇ ಸ್ವಲ್ಪ ಬೈತೀನಿ."

"ಆಗಲಿ ಡಾಕ್ಟ್ರೇ" ಎಂದೆ. ಹೊರಗೆ ಬಂದು ಬುಧವಾರ ಹನ್ನೊಂದಕ್ಕೆ ಇಬ್ಬರ ಹೆಸರೂ ಬರೆಸಿದ್ದೇನೆ.