ಅತ್ತರ್ ಸಾಬನ ಕನ್ನಡ

ಶಹಾಬಾದ್

ಪ್ರೀತಿಯ ಬಸವಂತರಾಯ ಕಾಕಾ,

ಭಂಕೂರಿನಲ್ಲಿ ನಿಮ್ಮ ಹಳೆಯ ಸಂಗೀತ ನಾಟಕ ಮತ್ತೆ ಆಡಿಸುತ್ತೀರೆಂದು ಕೇಳಿ ಕುಣಿದಾಡಿದೆ. ಕನ್ನಡ ಮಾಸ್ತರರಾದ ನಮ್ಮ ಅಬ್ಬಾಗೆ ಆಗ ನೀವು ಅತ್ತರ್ ಮಾರುವ ಸಾಬನ ಪಾತ್ರ ಕೊಟ್ಟು ತಪ್ಪು ಕನ್ನಡ ಕಲಿಸಿದ್ದಿರಿ. "ಹೆಂಡ್ತಿ ಬಂದಾನ, ಗೌಡ ಹೋಗ್ಯಾಳ" ಎಂದು ಅವರು ಹಾಡಿದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ನಾಟಕದ ಮರುದಿನ ಶಾಲೆಯಲ್ಲಿ ಹುಡುಗಿಯರು ನನ್ನನ್ನು ಹಾಗೆಯೇ ಮಾತಾಡಿಸಿದಾಗ ಮಾತ್ರ ನಗು ಬರಲಿಲ್ಲ.

ಹಾಡಿನ ಧಾಟಿ ಬದಲಿಸಬೇಡಿ. ಈ ಸಲ ಸಾಬ ಚೆಂದದ ಕನ್ನಡ ಆಡಲಿ, ಗೌಡ ಅವನ ಮುಂದೆ ಉರ್ದು ಮಾತಾಡಲು ಹೋಗಿ ಎಡವಲಿ.

"ಗೌಡನ ಪಾರ್ಟ್ ನನಗೇ ಬೇಕಂತ ಬರಿ ಬೇಟಿ" ಎನ್ನುತ್ತಿದ್ದಾರೆ ಅಬ್ಬಾ. ಬೆಳಿಗ್ಗೆಯಿಂದ ಅದೇ ಧಾಟಿಯಲ್ಲಿ, ಉರ್ದುವಿನಲ್ಲೂ ಗಂಡು-ಹೆಣ್ಣು ಅದಲುಬದಲು ಮಾಡಿ, "ಬೀವಿ ಆಯಾ, ಸಾಬ್ ಗಯಿ" ಎಂದು ಹಾಡಿ ಅಮ್ಮಿಯನ್ನು ನಗಿಸಿ ನಗಿಸಿ ಸುಸ್ತು ಮಾಡಿದ್ದಾರೆ.

ತಾಲೀಮು ಎಂದಿನಿಂದ, ತಿಳಿಸಿ. ತಪ್ಪು ಮಾತಾಡುವುದರಲ್ಲಿ ಅವರಷ್ಟು ಪಳಗಿದ ನಟ ನಿಮಗೆ ಸಿಗಲಾರ. ಕಲಿಸಿದವರು ನೀವೇ ಅಲ್ಲವೇ?

ನಿಮ್ಮ ಮಗಳಂಥ
ನಸೀಮಾ