ಅಪ್ಪ ಮನೆ ಒರೆಸುವ ಬಗೆ

ಸ್ಮೋಲಾ ದ್ವೀಪ
ಜನವರಿ ೨೨

ಮಗಳೇ ಇಂಗ್ವಿಲ್,

ಹೇಗಿದ್ದೀಯ? ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂದು ಎಷ್ಟೋ ದಿನವಾಯಿತು. ಬಂತು ಅಂತ ಒಂದು ಸಾಲು ಬರೆಯಲೂ ಆಗಲಿಲ್ಲ, ಬೈದುಕೋಬೇಡ. ಮೀನಿನ ಕಾರ್ಖಾನೆಯಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಅವರ ಪಾಳಿಯೂ ನನ್ನ ತಲೆಗೇ ಬಿದ್ದಿದೆ. ಫೋನ್ ಮಾಡಬಹುದಿತ್ತು. ಆದರೆ ಅಪ್ಪನ ಕಿವಿ ನಿನಗೆ ಗೊತ್ತಲ್ಲ, ದೋಣಿಮನೆಗೆ ಹೋಗಿ ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತೆ.

ಕ್ರಿಸ್ಮಸ್ಸಿಗೆ ಬಂದಾಗ ನೀನು ಒಳಗೆ ಕಾಲಿಟ್ಟವಳೇ, "ಅಮ್ಮಾ, ಮನೆ ಹೀಗೆ ಫಳಫಳ ಅಂತಿದೆ, ಯಾರನ್ನ ಕೆಲಸಕ್ಕಿಟ್ಕೊಂಡೆ?" ಅಂತ ಕೇಳಿದೆ. ಹೇಳಬೇಡ ಅಂತ ಅಪ್ಪ ನನ್ನ ಕಾಲು ತುಳಿದರು. ಅದಕ್ಕೇ ಸುಮ್ಮನಾದೆ. ಇವತ್ತು ಹೇಳುತ್ತೇನೆ.

ಅಕ್ಟೋಬರಿನಲ್ಲಿ ಅವರ ಕಣ್ಣಿನ ಕೊನೆಯ ಚೂರು ಬೆಳಕೂ ಹೋಯಿತಲ್ಲ, ಆಮೇಲೆ ಅವರು ಕುರ್ಚಿ ಬಿಟ್ಟು ಏಳಲೇ ಇಲ್ಲ. ನಾನು ದುಡಿದು ಬಂದು ಅಡುಗೆ ಮಾಡುವಷ್ಟರಲ್ಲಿ ಸೋತುಹೋಗುತ್ತಿದ್ದೆ. ಸಿಂಕಿನಲ್ಲಿ ಪಾತ್ರೆ, ಮೆಟ್ಟಿಲ ಮೇಲೆ ಬಟ್ಟೆ, ಎಲ್ಲೆಂದರಲ್ಲಿ ಬೂಟು. ಒಂದು ದಿನ ನಾನು ನಡುಮನೆಯಲ್ಲೇ ಬಿಟ್ಟುಹೋಗಿದ್ದ ಬಕೆಟ್ಟಿಗೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಿನಗೆ "ಹೊರಗೆ ಮಂಜಿನ ಮೇಲೆ ಜಾರಿದರು" ಅಂದಿದ್ದೆವು.

ಅವತ್ತೇ ಹಟ ತೊಟ್ಟೆ. ನನ್ನಮ್ಮ ಮಾಡುತ್ತಿದ್ದ ಹಾಗೆ ಪ್ರತಿ ಶುಕ್ರವಾರ ಇಡೀ ಮನೆ ತೊಳೆಯುವುದು, ರತ್ನಗಂಬಳಿ ಝಾಡಿಸುವುದು, ಕಿಟಕಿಗಳನ್ನೆಲ್ಲ ಉಜ್ಜುವುದು. ಎರಡು ವಾರ ನಡೆಯಿತು. ಮೂರನೆಯ ಶುಕ್ರವಾರ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅಪ್ಪ ಕುರ್ಚಿಯಿಂದಲೇ, "ತೂರುನ್, ಇದು ಯಾರ ಮನೆಗೆ ಮಾಡಿದ ಏರ್ಪಾಡು?" ಅಂದರು.

"ನಮ್ಮ ಮನೆಗೆ. ಇನ್ಯಾರ ಮನೆಗೆ?"

"ಅಲ್ಲ ಕಣೆ, ಇದು ನಿಮ್ಮಮ್ಮನ ಮನೆಗೆ. ಅವರಿಗೆ ನಾಲ್ಕು ಜನ ಹೆಣ್ಮಕ್ಕಳಿದ್ರು. ಇಲ್ಲಿರೋದು ಒಬ್ಬ ಕುರುಡ, ಒಬ್ಬಳು ಸುಸ್ತಾದವಳು. ಈ ಇಬ್ಬರ ಕೈಲಿ ಆಗೋದನ್ನ ಹೇಳು."

ಕುರುಡ ಅನ್ನುವ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಇಬ್ಬರೂ ಕಾಫಿ ಇಟ್ಟುಕೊಂಡು ಕೂತೆವು. ದಿನಕ್ಕೊಂದೇ ಜಾಗ, ಅಲ್ಲಿಗೆ ಸಾಕು. ಸೋಮವಾರ ಅಡುಗೆಮನೆ, ಮಂಗಳವಾರ ಬಚ್ಚಲು, ಹೀಗೆ. ಗುರುವಾರ ಏನೂ ಬೇಡ ಅಂದರು ಅಪ್ಪ, "ಬೇಜಾರು ಮಾಡ್ಕೊಂಡು ಕೂರೋಕೂ ಒಂದು ದಿನ ಬೇಕಲ್ಲ!" ತಪ್ಪಿದ ಕೆಲಸವನ್ನು ಮರುದಿನದ ಮೇಲೆ ಹೇರುವ ಹಾಗಿಲ್ಲ, ಅದರ ಸರದಿ ಬಂದಾಗ ಮಾಡಿದರಾಯಿತು. ಪಾತ್ರೆ ಮಾತ್ರ ದಿನವೂ. ಮತ್ತೆ, ತೆಗೆದ ವಸ್ತು ತೆಗೆದ ಜಾಗಕ್ಕೇ ಹೋಗಬೇಕು. ಈ ಕೊನೆಯದು ನನಗೆ ಇನ್ನೂ ಕಷ್ಟ, ದಿನವೂ ಬೈಸಿಕೊಳ್ಳುತ್ತೇನೆ.

ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ಅವರೂ ಏನೋ ಒಂದಿಷ್ಟು ಒರೆಸಬಹುದು ಅಂದುಕೊಂಡಿದ್ದೆ. ಡಿಸೆಂಬರಿನ ಒಂದು ಸೋಮವಾರ ಬೇಗ ಬಂದೆ. ಮಧ್ಯಾಹ್ನವಾದರೂ ಆಗಲೇ ಕತ್ತಲಾಗಿತ್ತು. ಅಡುಗೆಮನೆಯಲ್ಲಿ ದೀಪವಿಲ್ಲ, ನೀರಿನ ಸದ್ದು ಮಾತ್ರ. ಸ್ವಿಚ್ಚಿಗೆ ಹೋದ ಕೈ ಹಾಗೇ ನಿಂತಿತು. ಬೀದಿದೀಪದ ಮಸುಕಿನಲ್ಲಿ ಅಪ್ಪ ಕಂಡರು, ಇಂಗ್ವಿಲ್, ಬರಿಗಾಲು, ಮಂಡಿಯೂರಿದ್ದಾರೆ. ಬಲಗೈಯಲ್ಲಿ ಬಟ್ಟೆ, ಎಡ ಅಂಗೈ ಅದರ ಹಿಂದೆಯೇ ನೆಲ ಸವರುತ್ತ ಬರುತ್ತಿದೆ, ಮಲಗಿದ ಮಗುವಿನ ಬೆನ್ನು ನೇವರಿಸುವ ಹಾಗೆ. ಎಲ್ಲೋ ಒಂದು ಕಡೆ ತಡೆಯಿತು. ಹಿಂದೆ ಹೋದರು, ಇನ್ನೊಮ್ಮೆ ಉಜ್ಜಿದರು, ಸವರಿ ನೋಡಿದರು, ಮುಂದೆ ಹೋದರು. ಒಂದೇ ಒಂದು ಅಂಗುಲ ಬಿಡಲಿಲ್ಲ. ಆಮೇಲೆ ಎದ್ದು ಕಿಟಕಿ ತೆರೆದು, ಗಾಜಿನ ಹೊರಮೈಗೆ ಬೆರಳಿಟ್ಟು, ಆ ಬೆರಳನ್ನು ನಾಲಗೆಗೆ ಮುಟ್ಟಿಸಿದರು. "ಉಪ್ಪು. ಪಡುವಣ ಗಾಳಿ ಎದ್ದಿದೆ" ಅಂತ ತಮಗೇ ಹೇಳಿಕೊಂಡರು.

ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಚರ್ಚಿನಲ್ಲೂ ಹಾಗೆ ನಿಂತವಳಲ್ಲ. ಇಷ್ಟು ವರ್ಷ ಈ ಮನೆಯನ್ನು ತೊಳೆದವಳು ನಾನು, ಆದರೂ ಇದನ್ನು ಹೀಗೆ ಒಂದು ದಿನವೂ ಮುಟ್ಟಿರಲಿಲ್ಲ ಅನ್ನಿಸಿತು.

"ಬೂಟು ಬಿಚ್ಚಿ ಬಾ, ತೂರುನ್" ಅಂದರು, ತಿರುಗದೆ. "ಆಗ್ಲಿಂದ ನಿಂತಿದ್ದೀಯ. ಮೀನಿನ ನಾತ ಹೊಡೀತಿದೆ."

ಈಗ ಪಕ್ಕದ ಮನೆಯ ಯೋರುನ್ ಬಂದರೆ ಮುದುರಿಕೊಂಡು ಕೂರುತ್ತಾಳೆ. "ಒಂದು ಚೂರು ಉದುರಿದ್ರೂ ನಿನ್ನ ಗಂಡನ ಅಂಗಾಲಿಗೆ ಗೊತ್ತಾಗುತ್ತೆ ಅಂತ ಹೆದರಿ ನಾನು ಬಿಸ್ಕತ್ತು ತಿನ್ನೋದೇ ಬಿಟ್ಟೆ" ಅನ್ನುತ್ತಾಳೆ. ಅಪ್ಪ ನಗುತ್ತಾರೆ. ಮನೆಯೇನೂ ಅರಮನೆಯಾಗಿಲ್ಲ, ಅಟ್ಟದ ಕಡೆ ನಾವಿಬ್ಬರೂ ಹೋಗುವುದೇ ಇಲ್ಲ. ಆದರೆ ಅವರು ಬೆಳಿಗ್ಗೆ ನನಗಿಂತ ಮೊದಲು ಏಳುತ್ತಾರೆ. ಎದ್ದು, ಇವತ್ತು ಯಾವ ವಾರ ಅಂತ ಕೇಳುತ್ತಾರೆ.

ಚಳಿಯಲ್ಲಿ ಬೆಚ್ಚಗಿರು, ಹೊತ್ತು ಹೊತ್ತಿಗೆ ಉಣ್ಣು. ದೇವರು ನಿನ್ನ ಪ್ರತಿ ಹೆಜ್ಜೆಗೂ ಜೊತೆಯಾಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ, ನೊಂದುಕೊಳ್ಳಬೇಡ. ಟ್ರೊಂಡ್‌ಹೈಮಿನ ಕಣ್ಣಿನ ಡಾಕ್ಟರು ನಿನಗೂ ಅಪ್ಪನದೇ ಕಾಯಿಲೆ ಅಂದದ್ದನ್ನು ಅಪ್ಪನಿಗೆ ಹೇಳಬೇಡ ಅಂತ ಮಾತು ತೆಗೆದುಕೊಂಡಿದ್ದೆಯಲ್ಲ, ನಾನು ಹೇಳಿಲ್ಲ. ಆದರೆ ಹೋದ ಭಾನುವಾರ ಪಾತ್ರೆ ಒರೆಸುತ್ತ ಅವರೇ ಕೇಳಿದರು, "ಇಂಗ್ವಿಲ್‌ಗೂ ಶುರುವಾಗಿದೆ, ಅಲ್ವಾ? ಕ್ರಿಸ್ಮಸ್ಸಲ್ಲಿ ಸಂಜೆ ಹೊತ್ತು ಮೆಟ್ಟಿಲಿಳೀವಾಗ ಕಾಲಲ್ಲಿ ತಡಕಾಡೋ ಸದ್ದು ಕೇಳಿಸ್ತಿತ್ತು. ಅವಳ ವಯಸ್ಸಲ್ಲಿ ನಾನೂ ಹಾಗೇ ಇಳೀತಿದ್ದೆ." ಅವರು ಒರೆಸಿದ ತಟ್ಟೆಯನ್ನೇ ಬಹಳ ಹೊತ್ತು ಒರೆಸುತ್ತಿದ್ದರು. ಆಮೇಲೆ, "ನೀನು ಹೇಳ್ಬೇಡ. ಅವಳೇ ಹೇಳ್ಲಿ" ಅಂದರು. ಅವತ್ತಿನಿಂದ ಸಂಜೆಯಾದರೆ ಫೋನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.