ಟೆಕ್ಸಾಸ್ ಬಿಸಿಲಿಗೆ ಮಾಡಿದ ಗಾಡಿ

ಆಸ್ಟಿನ್,
೧೪ ಅಕ್ಟೋಬರ್ ೨೦೧೮

ಚಂದ್ರಮೋಹನ ಅವರಿಗೆ,

ತ್ರಿವೇಣಿಯ ನಮಸ್ಕಾರ. ಮೊದಲಾಗಿದ್ದರೆ ‘ಪ್ರೀತಿಯ ಚಂದ್ರು’ ಎಂದು ಶುರು ಮಾಡುತ್ತಿದ್ದೆ. ಒಂದು ಹಾಳೆಯಲ್ಲಿ ಹಾಗೆ ಬರೆದೂ ನೋಡಿದೆ, ಕೈ ಒಪ್ಪಲಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ಈ ನವರಾತ್ರಿಗೆ ಗೊಂಬೆ ಕೂರಿಸಲಿಲ್ಲ. ಪೆಟ್ಟಿಗೆ ನಮ್ಮ ಕ್ಯಾರಲ್ಟನ್ ಮನೆಯ ಗರಾಜಿನಲ್ಲೇ ಉಳಿದಿದೆ. ರಿಯಾ ಮತ್ತು ಅತ್ತೆ ಕೂರಿಸಿದ್ದರೆ ಸಂತೋಷ.

ಉತ್ತರ ಇಮೇಲಿನಲ್ಲೂ ಬೇಡ, ಫೋನಿನಲ್ಲೂ ಬೇಡ ಎಂದು ನೀವೇ ಹೇಳಿ ಹೋಗಿದ್ದೀರಿ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿದೆ, ನಿಮ್ಮ ಆಫೀಸಿನವರ ಕೈಗೆ ಸಿಕ್ಕರೂ ಓದಲಾರರು. ಹೆದರಬೇಡಿ.

ಕಳೆದ ಭಾನುವಾರ ನೀವು ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು ನನ್ನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತಾಗ, ನಿಜ ಹೇಳುತ್ತೇನೆ, ನನ್ನ ಎದೆ ಒಂದು ಕ್ಷಣ ಹಗುರಾಯಿತು. ಕಾಫಿ ಕುಡಿದು, ಚೆನ್ನಾಗಿದೆ ಎಂದಿರಿ. ನಮ್ಮ ಸಂಸಾರದಲ್ಲಿ ನೀವು ನನ್ನ ಕಾಫಿಯನ್ನು ಹೊಗಳಿದ್ದು ನನಗೆ ನೆನಪಿಲ್ಲ. ಆಗಲೇ ಅರ್ಥವಾಗಬೇಕಿತ್ತು. ಲೋಟ ಕೆಳಗಿಟ್ಟು ವಿಷಯಕ್ಕೆ ಬಂದಿರಿ. ಜರ್ಮನಿಯ ಹೆಡ್ ಆಫೀಸಿನಿಂದ ಉರ್ಸುಲಾ ಎಂಬ ಹೆಂಗಸು ವಿಚಾರಣೆಗೆ ಬರುತ್ತಿದ್ದಾಳೆ. ಹೊಸ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ತಣಿಸುವ ವಿಧಾನ ನಿಜವಾಗಿ ಯಾರದು ಎಂದು ಹಳಬರನ್ನೆಲ್ಲ ಕೇಳುತ್ತಿದ್ದಾಳೆ. “ಇಬ್ಬರೂ ಕೂಡಿ ಮನ್ಯಾಗ ಕುಂತು ಮಾಡಿದ್ವಿ ಅಂತ ಹೇಳಿಬಿಡು, ಅಷ್ಟ ಸಾಕು” ಎಂದಿರಿ. ಆಮೇಲೆ, ಬಾಗಿಲ ಹತ್ತಿರ ಹೋದವರು ತಿರುಗಿ, “ಮನಿಗೆ ಬಾ ತ್ರಿವೇಣಿ. ರಿಯಾಗ ತಾಯಿ ಬೇಕು” ಎಂದಿರಿ.

ನೀವು ಹೋದ ಮೇಲೆ ಯೋಚಿಸಿದೆ: ಇವರು ಮನೆಗೆ ಕರೆಯುತ್ತಿರುವುದು ಹೆಂಡತಿಯನ್ನೋ, ಸಾಕ್ಷಿಯನ್ನೋ?

ನಿಮಗೆ ಗೊತ್ತಿರುವುದನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಯಾಕೆಂದರೆ ನೀವು ಆ ಕಥೆಯನ್ನು ಹೇಳುವ ರೀತಿ ಈಗ ಬದಲಾಗಿದೆ. ಪತ್ರಿಕೆಯವರಿಗೆ ಹೇಳಿ ಹೇಳಿ, ಅದು ಹಾಗೆಯೇ ನಡೆಯಿತೆಂದು ನೀವೇ ನಂಬಿಬಿಟ್ಟಿರಬಹುದು. ನಡೆದದ್ದು ಬೇರೆ.

ಬ್ರಾಂಡ್‌ಹಾಫ್ ಕಾರು ಕಂಪನಿಯ, ಡಲ್ಲಾಸ್ ಪಕ್ಕದ ಇರ್ವಿಂಗ್ ಆಫೀಸಿನಲ್ಲಿ ನೀವು ಇಂಜಿನ್ ವಿಭಾಗದ ಮುಖ್ಯಸ್ಥರು. ಗಾಜಿನ ಕೋಣೆ, ಕೆಳಗೆ ಲಾಸ್ ಕೊಲಿನಾಸಿನ ಕಾಲುವೆ ಕಾಣುತ್ತಿತ್ತು. ನಮ್ಮ ಬ್ಯಾಟರಿ ತಂಡ ಅಂದರೆ ನಾನು, ಪ್ರತಾಪ್ ಮತ್ತು ಇನ್ನು ಮೂವರು. ಕ್ಯಾಂಟೀನಿನ ಹಿಂದಿನ ಕಿಟಕಿಯಿಲ್ಲದ ಕೋಣೆ ನಮಗೆ. ಕ್ಯಾಲಿಫೋರ್ನಿಯಾದವರು ಎಲೆಕ್ಟ್ರಿಕ್ ಕಾರು ಮಾಡಿ ಮಾರುತ್ತಿದ್ದಾರೆ, ನಮ್ಮದೂ ಒಂದು ಇದೆ ಎಂದು ಹೇಳಿಕೊಳ್ಳಲು ನಮ್ಮನ್ನು ಇಟ್ಟುಕೊಂಡಿದ್ದರು. ಅದು ನನಗೂ ಗೊತ್ತಿತ್ತು. ಆದರೂ ಮಾಡಿದೆವು. ಹಳೆಯ ಸೆಡಾನ್ ಒಂದರ ಇಂಜಿನ್ ಕಿತ್ತು, ಹೊಟ್ಟೆಗೆ ಬ್ಯಾಟರಿ ತುಂಬಿದೆವು. ತೊಂದರೆ ಎಲ್ಲ ಬಿಸಿಲಿನದು. ಆಗಸ್ಟಿನಲ್ಲಿ ಇಲ್ಲಿನ ಹೈವೇ ಮೇಲೆ ಏಸಿ ಹಾಕಿಕೊಂಡು ಓಡಿಸಿದರೆ ಬ್ಯಾಟರಿ ಕಾದು, ಅರ್ಧ ದಾರಿಯಲ್ಲೇ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಜರ್ಮನಿಯವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ, ಅವರ ಚಿಂತೆಯೆಲ್ಲ ಚಳಿಯದು. ಸೆಲ್ಲುಗಳ ನಡುವೆ ತಣ್ಣೀರಿನ ಪೈಪನ್ನು ಹೇಗೆ ಹಾಯಿಸಬೇಕು, ಗಾಡಿ ಹೊರಡುವ ಮೊದಲೇ ಎಷ್ಟು ತಣಿಸಿಡಬೇಕು ಎಂಬುದನ್ನು ನಾನು ಎರಡು ಬೇಸಿಗೆ ಕೂತು ಕಂಡುಕೊಂಡೆ.

ದಿನಾ ಸಂಜೆ ನಮ್ಮ ಅಡುಗೆಮನೆಯಲ್ಲಿ ಅದನ್ನು ನಿಮಗೆ ಹೇಳುತ್ತಿದ್ದೆ. ನಾನು ಚಪಾತಿ ಲಟ್ಟಿಸುತ್ತ ಹೇಳಿದರೆ ನೀವು ಬೇಯಿಸುತ್ತ ಕೇಳುತ್ತಿದ್ದಿರಿ. ಹಿಟ್ಟಿನಲ್ಲಿ ಬೆರಳಾಡಿಸಿ ಪೈಪಿನ ದಾರಿ ತೋರಿಸುತ್ತಿದ್ದೆ. ರಿಯಾ ಅದನ್ನು ಹಾವು ಎನ್ನುತ್ತಿದ್ದಳು. ನೀವು ಒಳ್ಳೊಳ್ಳೆಯ ಪ್ರಶ್ನೆ ಕೇಳುತ್ತಿದ್ದಿರಿ. ಎಷ್ಟು ಹೆಂಗಸರಿಗೆ ಇಂಥ ಗಂಡ ಸಿಗುತ್ತಾನೆ ಎಂದುಕೊಳ್ಳುತ್ತಿದ್ದೆ. ನಮ್ಮ ಮದುವೆಯ ಒಳ್ಳೆಯ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ಈಗಲೂ ಅವನ್ನೇ ಹೇಳಬೇಕು. ಅದೇ ಹೊಟ್ಟೆ ಉರಿಯುವ ಮಾತು.

೨೦೧೪ರ ಆಗಸ್ಟಿನಲ್ಲಿ ನಾನೂ ಪ್ರತಾಪನೂ ಆ ಗಾಡಿಯನ್ನು ಡಲ್ಲಾಸಿನಿಂದ ಹೂಸ್ಟನ್ನಿಗೆ ಓಡಿಸಿದೆವು. ಟಾರು ಕರಗುವಂಥ ಮಧ್ಯಾಹ್ನ. ದಾರಿಯಲ್ಲಿ ಒಮ್ಮೆ ಮಾತ್ರ ಚಾರ್ಜಿಗೆ ಹಾಕಿದ್ದು. ಹಂಟ್ಸ್‌ವಿಲ್ ದಾಟಿದ ಮೇಲೂ ಗಾಡಿ ನಿಧಾನವಾಗಲಿಲ್ಲ. ಹೂಸ್ಟನ್ ಹೊರವಲಯದ ದ ವುಡ್‌ಲ್ಯಾಂಡ್ಸ್‌ನ ಮರಗಳು ಕಂಡಾಗ ಪ್ರತಾಪ್ ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದ. ನಾನು ಬೈದೆ. ಪೆಟ್ರೋಲ್ ಕಂಪನಿಗಳ ಆಫೀಸುಗಳ ಮುಂದೆ ಸದ್ದಿಲ್ಲದೆ ಹಾದುಹೋಗುವಾಗ ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. “ಭಪ್ಪರೇ!” ಎಂದಿರಿ. ಆ ದನಿ ಸುಳ್ಳಾಗಿರಲಿಲ್ಲ. ಇವತ್ತಿಗೂ ಹಾಗೇ ಅನಿಸುತ್ತದೆ.

ಆರು ವಾರ ಕಳೆದಿರಲಿಲ್ಲ, ಜರ್ಮನಿಯಿಂದ ದೊಡ್ಡವರು ಬಂದರು. ತಂಡಕ್ಕೆ ಇನ್ನಷ್ಟು ಹಣ ಕೊಡಬೇಕೋ, ಮುಚ್ಚಬೇಕೋ ಎಂಬ ತೀರ್ಮಾನ. ನಾನು ಎಲ್ಲ ತೋರಿಸಿ ಕೂತೆ. ಅವರು ನಿಮ್ಮ ಕಡೆ ತಿರುಗಿ, ಇಂಜಿನ್ನಿನವರು ಏನನ್ನುತ್ತೀರಿ ಎಂದು ಕೇಳಿದರು. ನೀವು ಎದ್ದು ನಿಂತು, ಇದು ಸೀಟುಗಳಿರುವ ಫೋನ್ ಚಾರ್ಜರ್ ಎಂದಿರಿ. ಕೋಣೆಯೆಲ್ಲ ನಕ್ಕಿತು. ನಮ್ಮ ಗಿರಾಕಿಗೆ ಇಂಜಿನ್ನಿನ ದನಿ ಬೇಕು, ನೂರು ವರ್ಷ ನಾವು ಮಾರಿದ್ದು ಆ ದನಿಯನ್ನೇ, ಟೆಕ್ಸಾಸಿನಲ್ಲಿ ಇದನ್ನು ಕೊಳ್ಳುವವನು ಇನ್ನೂ ಹುಟ್ಟಿಲ್ಲ ಎಂದಿರಿ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ತಂಡ ಮುಚ್ಚಿತು. ಗಾಡಿಯನ್ನು ಗುಜರಿಗೆ ಕಳಿಸಿದರು. ಅವತ್ತು ಮನೆಗೆ ಹೋಗುವಾಗ ಕಾರಿನಲ್ಲಿ ನೀವಂದಿರಿ, “ಆಫೀಸ್ ಬ್ಯಾರೆ, ಮನಿ ಬ್ಯಾರೆ. ನನಗ ಖರೇ ಅನಿಸಿದ್ದನ್ನ ಹೇಳೀನಿ. ಇದ್ರಾಗ ಸಿಟ್ಟಾಗೂದು ಏನೈತಿ?” ಮನೆಯಲ್ಲಿ ಅತ್ತೆ ನನ್ನ ಮುಖ ನೋಡಿ ಎಲ್ಲ ಕೇಳಿ ತಿಳಿದುಕೊಂಡರು. “ಹೆಂಡತಿ ಮಾಡಿದ್ದನ್ನ ನಾಕು ಮಂದ್ಯಾಗ ನಗಿಪಾಟ್ಲ ಮಾಡೂದು ಯಾವ ಶಾಣ್ಯಾತನೋ ಯಪ್ಪಾ?” ಎಂದು ನಿಮ್ಮನ್ನು ಗದರಿಕೊಂಡರು. ನಾನೇ ನಿಮ್ಮ ಪರ ವಹಿಸಿದೆ. ನಂಬದೇ ಇರುವುದನ್ನು ನಂಬಿದ್ದೇನೆ ಎನ್ನುವ ಜನ ಅಲ್ಲ ಅವರು, ಬಿಡಿ ಅತ್ತೆ, ಎಂದೆ. ಆ ಒಂದು ನಂಬಿಕೆಯ ಮೇಲೆ ಮೂರು ವರ್ಷ ಸಂಸಾರ ನಡೆಸಿದೆ. ಆಸ್ಟಿನ್ನಿನ ಈ ಸಣ್ಣ ಕಂಪನಿಗೆ, ಸಿಟಿ ಬಸ್ಸಿಗೆ ಬ್ಯಾಟರಿ ಕೂರಿಸುವ ಕೆಲಸಕ್ಕೆ ಸೇರಿದ ಮೇಲೂ ಪ್ರತಿ ಶುಕ್ರವಾರ ಟ್ರಾಫಿಕ್ಕಿನಲ್ಲಿ ತೆವಳುತ್ತ ಕ್ಯಾರಲ್ಟನ್ನಿಗೆ ಬರುತ್ತಿದ್ದೆ. ರಿಯಾಳ ಸ್ಕೂಲು ತಪ್ಪಿಸಬಾರದೆಂದು ಅವಳನ್ನು ನಿಮ್ಮ ಬಳಿ ಬಿಟ್ಟಿದ್ದು. ತಾಯಿ ಬೇಕು ಎಂದು ಈಗ ನೆನಪಾಗಿದೆ ನಿಮಗೆ.

ಅಷ್ಟರಲ್ಲಿ ಗಾಳಿ ತಿರುಗಿತು. ಡೀಸೆಲ್ ಕಾರಿನ ಹೊಗೆ ಪರೀಕ್ಷೆಯಲ್ಲಿ ಮೋಸವಾದ ಗಲಾಟೆ ಎದ್ದಿತು. ಜರ್ಮನಿಯ ಕಾರಿನವರೆಲ್ಲ ಒಬ್ಬರ ಹಿಂದೆ ಒಬ್ಬರು, ನಮ್ಮ ಮುಂದಿನ ದಿನಗಳೆಲ್ಲ ಎಲೆಕ್ಟ್ರಿಕ್ ಎಂದು ಸಾರತೊಡಗಿದರು. ಬ್ರಾಂಡ್‌ಹಾಫ್ ಇಂಜಿನ್ ವಿಭಾಗಗಳನ್ನು ಕತ್ತರಿಸುತ್ತಿದೆ, ನಿಮ್ಮದೂ ಹೋಗಬಹುದು ಎಂಬ ಸುದ್ದಿ ನನಗೂ ಬಂತು. ಆ ದಿನಗಳಲ್ಲಿ ನೀವು ಊಟ ಬಿಟ್ಟು ಗರಾಜಿನಲ್ಲಿ ಕೂರುತ್ತಿದ್ದಿರಿ. ಇಂಜಿನ್ನಿನ ದನಿ ಕೇಳಿ ಅದರ ಕಾಯಿಲೆ ಹೇಳುವ ಮನುಷ್ಯನಿಗೆ ಆ ದನಿಯೇ ಬೇಡ ಎಂದರೆ ಹೇಗಿರುತ್ತದೆಂದು ನನಗೆ ಅರ್ಥವಾಗದ್ದಲ್ಲ. ಆಮೇಲೆ ಇದ್ದಕ್ಕಿದ್ದಂತೆ ನೀವು ಗೆಲುವಾದಿರಿ. ಬಡ್ತಿ ಬಂತು, ಎಲೆಕ್ಟ್ರಿಕ್ ವಿಭಾಗದ ಮುಖ್ಯಸ್ಥರಾದಿರಿ. ಹೇಗೆ ಎಂದು ಕೇಳಿದರೆ, “ಹಳೇ ಮಂದಿ ಬೇಕಾಗ್ತಾರ ಅವರಿಗೆ” ಎಂದು ನಕ್ಕಿರಿ. ನಾನೂ ನಕ್ಕೆ.

ಈ ವರ್ಷದ ಹೂಸ್ಟನ್ ಆಟೋ ಶೋಗೆ ನೀವೇ ಪಾಸ್ ಕೊಟ್ಟು ನನ್ನನ್ನೂ ರಿಯಾಳನ್ನೂ ಕರೆದಿರಿ. ನಾನು ಗುರುತಿಸಲಾರೆ ಎಂದುಕೊಂಡಿರೋ, ಗುರುತಿಸಿದರೂ ಸುಮ್ಮನಿರುತ್ತಾಳೆ ಎಂದುಕೊಂಡಿರೋ, ಇವತ್ತಿಗೂ ತಿಳಿದಿಲ್ಲ. ವೇದಿಕೆಯ ಮೇಲೆ ಹೊಸ ಗಾಡಿ. ಪಕ್ಕದಲ್ಲಿ, ಜನರಿಗೆ ಒಳಗಿನದು ಕಾಣಲೆಂದು, ಮೇಲಿನ ಹೊದಿಕೆ ತೆಗೆದ ಅದರ ಅಡಿಭಾಗ. ಸೆಲ್ಲುಗಳ ನಡುವೆ ನನ್ನ ಪೈಪು. ಹಿಂದಿನ ಸೀಟಿನ ಕೆಳಗೆ ಅದು ಮೊಣಕೈಯಂತೆ ಬಗ್ಗಿತ್ತು. ಆ ತಿರುವು ಯಾಕೆ ಹಾಕಿದ್ದೆ ಗೊತ್ತೆ? ನಮ್ಮ ಹಳೆಯ ಸೆಡಾನಿನಲ್ಲಿ ಪೆಟ್ರೋಲ್ ಟ್ಯಾಂಕ್ ಹಿಡಿದಿಡುವ ಕಬ್ಬಿಣದ ಪಟ್ಟಿ ಅಲ್ಲಿ ಅಡ್ಡ ಬರುತ್ತಿತ್ತು. ಅದನ್ನು ಕತ್ತರಿಸಲು ನಮಗೆ ಅನುಮತಿ ಸಿಗಲಿಲ್ಲ. ಹಾಗಾಗಿ ಬಳಸಿಕೊಂಡು ಹೋದೆ. ಹೊಸ ಗಾಡಿಗೆ ಪೆಟ್ರೋಲ್ ಟ್ಯಾಂಕೇ ಇಲ್ಲ. ಅಲ್ಲಿ ಅಡ್ಡ ಬರುವುದು ಏನೂ ಇಲ್ಲ. ನನ್ನ ಅಡಚಣೆಯನ್ನೂ ಬಿಡದೆ ನಕಲು ಮಾಡಿದ್ದಿರಿ.

ಕಿವಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು ನೀವು ಹೇಳುತ್ತಿದ್ದಿರಿ, ಟೆಕ್ಸಾಸ್ ಬಿಸಿಲಿಗೆ ತಕ್ಕ ಎಲೆಕ್ಟ್ರಿಕ್ ಗಾಡಿ ನಿಮ್ಮ ಬಹಳ ವರ್ಷದ ಕನಸು ಎಂದು. ರಿಯಾ ನನ್ನ ತೋಳು ಹಿಡಿದು, ಅಮ್ಮಾ, ಅದು ನಿನ್ನ ಚಪಾತಿ ಹಿಟ್ಟಿನ ಹಾವಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹದಿನೈದು ವರ್ಷದ ಮಗು. ಸುತ್ತಲೂ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ತಟ್ಟಲಿಲ್ಲ.

ಪಾರ್ಕಿಂಗಿನಲ್ಲಿ ಕೇಳಿದೆ. ನೀವು ತಲೆ ತಗ್ಗಿಸಿದ್ದರೆ ನಾನು ಅಲ್ಲೇ ಕ್ಷಮಿಸಿಬಿಡುತ್ತಿದ್ದೆನೇನೋ. ನೀವು ತಗ್ಗಿಸಲಿಲ್ಲ. “ನೀ ಬಿಟ್ಟು ಹೋದಿ. ಬಿಟ್ಟು ಹೋದದ್ದನ್ನ ಎತ್ತಿಕೊಂಡಾಂವ ಕಳ್ಳ ಹ್ಯಾಂಗ ಆಗ್ತಾನ? ಕಾಗದ ಎಲ್ಲಾ ಕಂಪನೀವು” ಎಂದಿರಿ. ಕಾಗದ ಕಂಪನಿಯದು ನಿಜ. ಅದರ ಕೆಳಗಿದ್ದ ನನ್ನ ಹೆಸರು ಎಲ್ಲಿ ಹೋಯಿತು ಎಂದು ಕೇಳಿದೆ. ಅದಕ್ಕೆ ನೀವು ಹೇಳಿದ ಉತ್ತರ ನನ್ನ ಮೈಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿದೆ. “ನಾ ಹೇಳಿದ್ದಕ್ಕ ಕೇಳ್ಯಾರ. ನೀ ಹೇಳಿದಾಗ ಕೇಳಿದ್ರೇನು?”

ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ಆ ಕೋಣೆಯಲ್ಲಿದ್ದ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂದಿನಿಂದ ನಾನು ಶುಕ್ರವಾರಗಳ ಪ್ರಯಾಣ ನಿಲ್ಲಿಸಿದೆ. ರಿಯಾ ಬಸ್ಸಿನಲ್ಲಿ ನನ್ನ ಬಳಿ ಬಂದು ಹೋಗುತ್ತಾಳೆ. ನಿಮ್ಮ ಬಗ್ಗೆ ನಾನಾಗಿ ಏನೂ ಹೇಳಿಲ್ಲ, ಅವಳೂ ಕೇಳುವುದಿಲ್ಲ. ಆದರೆ ಮೊದಲು ನಿಮ್ಮ ಜೊತೆ ಗರಾಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕೂರುತ್ತಿದ್ದವಳು ಈಗ ಕಾರಿನ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಇದು ನಿಮ್ಮ ಗಮನಕ್ಕೆ ಬಂದಿದೆಯೇ?

ನೀವು ಹೊಟ್ಟೆಪಾಡಿಗೆ ಹೆದರಿ ಹಾಗೆ ಮಾಡಿದಿರಿ ಎನ್ನುವುದನ್ನು ಒಪ್ಪಬಲ್ಲೆ. ನನ್ನ ಹತ್ತಿರ ಬಂದು, ತ್ರಿವೇಣಿ, ನಾನು ಸೋತೆ, ನೀನು ಹೇಳಿದ್ದೇ ಸರಿ, ನಿನ್ನ ಕೆಲಸ ಕೊಡು ಎಂದಿದ್ದರೆ ಎರಡೂ ಕೈಯಿಂದ ಕೊಡುತ್ತಿದ್ದೆ. ಕೇಳಿ ಪಡೆಯಲು ನಿಮಗೆ ನಾಚಿಕೆಯಾಯಿತು, ಕೇಳದೆ ಎತ್ತಿಕೊಳ್ಳಲು ನಾಚಿಕೆಯಾಗಲಿಲ್ಲ.

ಇನ್ನು ನಿಮ್ಮ ಕರೆಗೆ ಉತ್ತರ. ನಾನು ಕ್ಯಾರಲ್ಟನ್ನಿಗೆ ಬರುವುದಿಲ್ಲ. ಈ ವರ್ಷವಲ್ಲ, ಯಾವತ್ತೂ ಇಲ್ಲ. ಡಿಸೆಂಬರ್ ರಜೆಯ ಹೊತ್ತಿಗೆ ವಕೀಲರ ಕಾಗದ ಬರುತ್ತದೆ, ಜಗಳವಿಲ್ಲದೆ ಸಹಿ ಮಾಡಿ. ಅತ್ತೆಗೆ ನಾನೇ ಹೇಳುತ್ತೇನೆ, ನೀವು ನಿಮ್ಮ ರೀತಿಯಲ್ಲಿ ಹೇಳುವುದು ಬೇಡ. ಅವರ ಬೀಪಿ ಮಾತ್ರೆ ತಪ್ಪಿಸಬೇಡಿ.

ಹೆಚ್ಚಿಗೆ ಬರೆಯುವುದಕ್ಕೆ ಏನೂ ಉಳಿದಿಲ್ಲ.

ಇಂತಿ,
ತ್ರಿವೇಣಿ

ಮತ್ತೆ ಬರೆದದ್ದು: ಉರ್ಸುಲಾ ಗುರುವಾರವೇ ಬಂದು ಹೋದಳು. ನನ್ನ ಆಫೀಸಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ಮಾತಾಡಿದೆವು. ಒಳ್ಳೆಯ ಹೆಂಗಸು, ಸುತ್ತಿಬಳಸಿ ಮಾತಾಡಲಿಲ್ಲ. ಹೆಡ್ ಆಫೀಸಿನಲ್ಲಿ ಇಂಜಿನ್ ಕಡೆಯ ಹಳಬರು ಇನ್ನೂ ಬಲವಾಗಿದ್ದಾರಂತೆ. ಈ ಎಲೆಕ್ಟ್ರಿಕ್ ಗಾಡಿಯ ಯೋಜನೆ ಮುಚ್ಚಲು ಒಂದು ನೆಪ ಸಿಕ್ಕರೆ ಸಾಕೆಂದು ಕಾಯುತ್ತಿದ್ದಾರಂತೆ. ಮುಖ್ಯಸ್ಥನೇ ಸುಳ್ಳ ಎಂದಾದರೆ ಮರುದಿನವೇ ಮುಚ್ಚುತ್ತಾರೆ ಎಂದಳು. ಆಮೇಲೆ ಪೆನ್ನು ತೆಗೆದು, ಹೇಳಿ, ಯಾರು ಮಾಡಿದ್ದು ಎಂದು ಕೇಳಿದಳು. ಇಬ್ಬರೂ ಸೇರಿ ಮನೆಯಲ್ಲಿ ಕೂತು ಮಾಡಿದೆವು ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ, ಬರೆದುಕೊಂಡಳು. ನಿಮ್ಮನ್ನು ಉಳಿಸಿದೆ ಎಂದುಕೊಳ್ಳಬೇಡಿ. ನಾನು ಉಳಿಸಿದ್ದು ಗಾಡಿಯನ್ನು. ನೀವು ಅದರೊಳಗೆ ಕೂತಿದ್ದೀರಿ, ಅಷ್ಟೇ.